ನಿನ್ನೆಯ ಅಂಗಿ

ಕಾವ್‌ಶುಂಗ್ ಬಂದರು, ಹಡಗು ಒಡೆಯುವ ಅಂಗಳದ ಹಿಂದಿನ ಓಣಿ.
ಅಲ್ಲಿತ್ತು ನನ್ನ ನೂಡಲ್ ಅಂಗಡಿ:
ನಾಲ್ಕು ಮೇಜು, ಹದಿಮೂರು ಸ್ಟೂಲು,
ಒಲೆಯ ಹಿಂದಿನ ಗೋಡೆಗೆ ಹಬೆ ಬರೆದ ಒಂದು ಕಲೆ,
ಮಲಗಿದ ಎಮ್ಮೆಯ ಹಾಗೆ.

ಬಾಡಿಗೆ ಕ್ಯಾಮೆರಾವನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ
ಸೈಕಲ್ಲಿನಲ್ಲಿ ಬಂದವನು ಷು ಜಿನ್-ಥು.
ಇಪ್ಪತ್ತೆಂಟು ವರ್ಷ, ಸವೆದ ಚಪ್ಪಲಿ, ಮೈಯೆಲ್ಲ ಕಣ್ಣು.
"ನಟರು ಬೇಡ. ನಿಮ್ಮ ಯಜಮಾನರು
ದಿನಾ ಉಣ್ಣುವ ಹಾಗೆ ಉಂಡರೆ ಸಾಕು" ಅಂದ.

ನನ್ನವನು, ಆ-ಖಿಮ್, ಬೆಂಕಿಯ ಕೊಳವೆ ಹಿಡಿದು
ಜಪಾನಿನ, ಗ್ರೀಸಿನ ಹಡಗುಗಳನ್ನು ಹೋಳು ಮಾಡುತ್ತಿದ್ದವನು,
ಎಡಗೈಗೆ ಎರಡು ಬೆರಳು ಕಡಿಮೆ.
ಬೆಳಗಿನ ನಾಲ್ಕಕ್ಕೇ ಎದ್ದು ಮದುವೆಯ ಬಿಳಿ ಅಂಗಿ ತೆಗೆಸಿದ.
ಮಡಿಕೆ ಚಾಕುವಿನಂತೆ ನಿಲ್ಲುವವರೆಗೆ ನಾನು ಇಸ್ತ್ರಿ ಹಾಕಿದೆ.
ಜಿನ್-ಥು ನೋಡಿದ, ತಲೆ ಕೆರೆದುಕೊಂಡ:
"ನಿನ್ನೆಯ ಅಂಗಿ ಹಾಕಿಕೊಂಡು ಬನ್ನಿ, ಅಣ್ಣಾ."

ಅಣ್ಣ ಹಾಕಿಕೊಂಡು ಬಂದ.
ಆ ಚಿತ್ರದಲ್ಲಿ ಅವನು ತಲೆಯೆತ್ತದೆ ಉಣ್ಣುತ್ತಾನಲ್ಲ,
ಕಾರ್ಮಿಕನ ದಣಿವು ಅಂತ ಪೇಪರಿನವರು ಹೊಗಳಿದರು.
ದಣಿವಲ್ಲ. ಮುನಿಸು.

ಆಗ ಸೇನಾ ಕಾಯಿದೆಯ ಕಾಲ.
ನಮ್ಮ ಮಾತು ತೆರೆಯ ಮೇಲೆ ಹೆಚ್ಚಾಯಿತು ಅಂತ
ಯಾವುದೋ ಕಚೇರಿಯಿಂದ ಕಾಗದ ಬಂತು.
ಆ-ಖಿಮ್ ಬಾಯಿ ತೆರೆದರೆ ತೈಪೆಯ ರೇಡಿಯೋದವನೊಬ್ಬನ
ಚೊಕ್ಕ ಮ್ಯಾಂಡರಿನ್ ಹೊರಬಿತ್ತು.
"ಅಂಗಿ ಆಯಿತು, ಈಗ ನಾಲಿಗೆ" ಅಂದ ಇವನು, ಕತ್ತಲಲ್ಲಿ.
ಥಿಯೇಟರಿನಲ್ಲಿ ಹನ್ನೊಂದು ಜನ. ಐವರು ನಾವೇ.
ಗೇಟಿನ ಹೊರಗೆ ಜಿನ್-ಥು ಒಂದು ಸಿಗರೇಟು ಹಚ್ಚಲು ಹೋಗಿ
ಕಡ್ಡಿಪೆಟ್ಟಿಗೆಯನ್ನೇ ಮುಗಿಸಿದ.

ಸಾಲ ತೀರಿಸಲು ಶಾಂಪೂ ಜಾಹೀರಾತು,
ಬೇರೆಯವರ ಹೆಸರಿನಲ್ಲಿ ಒಂದು ದೆವ್ವದ ಸಿನಿಮಾ.
ಆಮೇಲೆ ಎರಡನೆಯದು. ಯುರೋಪಿನಲ್ಲೆಲ್ಲೋ ಗೆದ್ದಿತಂತೆ;
ಹಿತ್ತಾಳೆಯ ಮೀನೊಂದನ್ನು ತಂದು ನನ್ನ ಗಲ್ಲಾದ ಮೇಲಿಟ್ಟ.
ಚೀಟಿಗಳು ಹಾರದಂತೆ ಈಗಲೂ ಅದೇ ಭಾರ.

ಪ್ರತಿ ಸಲ ಹೊರಡುವಾಗ ಒಂದೇ ಮಾತು:
"ಅಕ್ಕಾ, ಗೋಡೆಗೆ ಬಣ್ಣ ಬಳಿಸಬೇಡಿ. ಮತ್ತೆ ಬರುತ್ತೇನೆ."
ಹದಿನಾಲ್ಕು ವರ್ಷ ಬಳಿಸಲಿಲ್ಲ.
ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು
ಎಮ್ಮೆಯನ್ನು ನೋಡಿ ಮೂಗು ಮುರಿದರು.
"ಇದು ಸಿನಿಮಾದ ಗೋಡೆ" ಅಂದೆ.
"ಕಾಣುತ್ತೆ" ಅಂದರು.

ಅಂಗಳ ಮುಚ್ಚಿತು. ಕಂಟೇನರುಗಳಿಗೆ ಓಣಿ ಬೇಕಾಯಿತು.
ಮೂರನೆಯ ಚಿತ್ರಕ್ಕೆ ಅವನು ತೈಪೆಯ ಸ್ಟುಡಿಯೋದೊಳಗೆ
ನನ್ನ ಅಂಗಡಿಯನ್ನೇ ಕಟ್ಟಿಸಿ, ರೈಲಿನ ಟಿಕೆಟ್ಟು ಕಳಿಸಿದ.
ಹೋಗಿ ನಿಂತು ನೋಡಿದೆ. ಸ್ಟೂಲು ಸರಿ, ಒಲೆ ಸರಿ.
"ಎಮ್ಮೆ ಒಂದು ಗೇಣು ಮೇಲಿದೆ" ಅಂದೆ.
ನಲವತ್ತು ಜನ ಕಾದರು.
ಅವನು ತಾನೇ ಕೆರೆದು ಅಳಿಸಿ, ಹಂಡೆಯಲ್ಲಿ ನೀರು ಕುದಿಸಿ
ಬೆಳಗಾಗುವವರೆಗೆ ಗೋಡೆಗೆ ಹಬೆ ಹಿಡಿದ.
ಹಬೆಗೆ ಒಂದು ರಾತ್ರಿ ಸಾಲದು ಅಂತ
ನಾನು ಹೇಳಲಿಲ್ಲ. ಅವನ ಕೈ ನಡುಗುತ್ತಿತ್ತು.

ಆ-ಖಿಮ್ ಹೋದದ್ದು ಶ್ವಾಸಕೋಶದಿಂದ.
ಒಡೆದ ಹಡಗುಗಳೆಲ್ಲ ಅಲ್ಲಿ ಬಂದು ನಿಂತಿದ್ದವು.

ಮೊನ್ನೆ ಬಂದಿದ್ದ, ಕೋಲು ಊರಿಕೊಂಡು. ಕೊನೆಯ ಚಿತ್ರವಂತೆ.
ಈಗಿನ ಹುಡುಗರು ಅವನನ್ನು ಗುರುಗಳೇ ಅನ್ನುತ್ತಾರೆ,
ಅವನು ಹಿಂದೆ ತಿರುಗಿ ಯಾರನ್ನು ಅಂತ ನೋಡುತ್ತಾನೆ.
ಮಗಳ ಅಡುಗೆಮನೆಯಲ್ಲಿ ಕೂತು, ತಡವರಿಸಿ ಕೇಳಿದ:
"ಅಕ್ಕಾ, ಆ ಬಿಳಿ ಅಂಗಿ ಇದೆಯಾ?"

"ಇಲ್ಲ. ಅದನ್ನೇ ತೊಡಿಸಿ ಕಳಿಸಿದೆ. ಇಸ್ತ್ರಿ ಹಾಕಿ."

ಬಟ್ಟಲು ಮುಂದಿಟ್ಟೆ. ತಲೆಯೆತ್ತದೆ ಉಂಡ.
ಕನ್ನಡಕದ ತುಂಬ ಹಬೆ; ಒರೆಸಿಕೊಳ್ಳಲಿಲ್ಲ.
ಕೊನೆಯ ಹನಿಯವರೆಗೂ ಕುಡಿದು, ಚೆನ್ನಾಗಿತ್ತು ಅಂದು, ಹೋದ.

ಉಪ್ಪು ಹಾಕುವುದನ್ನೇ ಮರೆತಿದ್ದೆ ಅಂತ
ಆಮೇಲೆ ನಾನು ಉಂಡಾಗ ಗೊತ್ತಾಯಿತು.